ಶಾಲೆ ಕಳಿಸಿದರೆ ಹಾಜರಿ, ಮನೆ ಕಳಿಸಿದರೆ ರಜೆ

ತೆಲಸಂಗ ಹೋಬಳಿಯಲ್ಲಿ ಸಂಕ್ರಾಂತಿ ಕಳೆಯುತ್ತಿದ್ದಂತೆ ದ್ರಾಕ್ಷಿಗೆ ಸಿಹಿ ಇಳಿಯತೊಡಗುತ್ತದೆ. ಹತ್ತನೆಯ ತರಗತಿಯ ಮಕ್ಕಳ ಕೈಗೆ ಪೂರ್ವಸಿದ್ಧತಾ ಪರೀಕ್ಷೆಯ ವೇಳಾಪಟ್ಟಿ ಬರುವುದೂ ಹೆಚ್ಚುಕಡಿಮೆ ಆಗಲೇ. ಫೆಬ್ರುವರಿಯಲ್ಲಿ ಕಟಾವು, ಅದರ ಬೆನ್ನಿಗೇ ಮಣೂಕದ (ಒಣದ್ರಾಕ್ಷಿಯ) ಶೆಡ್ಡು, ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ. "ಸರ್, ನಾಳಿಂದ ನಾಕ ದಿನ ಹುಡುಗ ಬರಂಗಿಲ್ರಿ, ತ್ವಾಟದಾಗ ಕೆಲಸ ಐತ್ರಿ" ಎಂಬ ಮಾತು ಅಥಣಿ ತಾಲ್ಲೂಕಿನ ಯಾವ ಮಾಸ್ತರರ ಕಿವಿಗೂ ಹೊಸದಲ್ಲ. ಅದೇ ಹುಡುಗ ಸೆಪ್ಟೆಂಬರಿನಲ್ಲಿ ಅಪ್ಪನ ಜೊತೆ ಧಾರವಾಡದ ಕೃಷಿ ಮೇಳಕ್ಕೆ ಹೋಗಿ, ಹನಿ ನೀರಾವರಿಯ ಫಿಲ್ಟರು ಬಿಚ್ಚಿ ಜೋಡಿಸುವುದನ್ನು ಕಣ್ಣಾರೆ ನೋಡಿ ಬಂದಿದ್ದರೂ ಹಾಜರಿ ಪುಸ್ತಕದಲ್ಲಿ ಬೀಳುವುದು ಅದೇ ಗೈರಿನ ಗುರುತು.

ಈ ಎರಡು ಗೈರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹಾಗೆಂದು ಎರಡನ್ನೂ ‘ಕೃಷಿ’ ಎಂಬ ಒಂದೇ ಹೆಸರಿನ ಕೆಳಗೆ ತಂದು ರಜೆ ಕೇಳುವುದೂ ಸರಿಯಲ್ಲ. ಕೃಷಿಯನ್ನು ಕಲಿಯಲು ಹೋಗುವ ಮಗುವಿನ ದಿನಗಳನ್ನು ಶಾಲೆಯ ಲೆಕ್ಕದಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ಕೂಲಿಯಾಳು ಸಿಗಲಿಲ್ಲವೆಂದು ಹೊಲಕ್ಕೆ ಎಳೆದೊಯ್ದ ಮಗುವಿಗೆ ಯಾವ ನೆಪದ ಚೀಟಿ ಬರೆಯಬೇಕು ಎಂಬುದಕ್ಕೆ ಇಲ್ಲಿ ಉತ್ತರ ಸಿಗದು.

ಮೊದಲು ಲೆಕ್ಕ

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯ ಮೂಲಕ ಕೂರಬೇಕಾದರೆ ಶೇಕಡಾ 75ರಷ್ಟು ಹಾಜರಿ ಬೇಕು. ದ್ವಿತೀಯ ಪಿಯುಸಿಗೂ ಇದೇ ಪ್ರಮಾಣ. ಈ ಭಾಗದಲ್ಲೀಗ ಹೆಚ್ಚುತ್ತಿರುವ ಸಿಬಿಎಸ್‌ಇ ಶಾಲೆಗಳಲ್ಲಿಯೂ ಅದೇ 75. ಅಲ್ಲಿ ಕಾಯಿಲೆ, ರಾಷ್ಟ್ರಮಟ್ಟದ ಕ್ರೀಡೆ ಮುಂತಾದ ಗಂಭೀರ ಕಾರಣಗಳಿಗೆ ದಾಖಲೆಸಹಿತ ವಿನಾಯಿತಿ ಕೇಳುವ ದಾರಿ ಇದೆ. ಕೃಷಿ ಮೇಳ ಆ ಸಾಲಿಗೆ ಸೇರುತ್ತದೆಂದು ನಂಬಿ ಕೂರಬೇಡಿ.

ಶಾಲೆ ವರ್ಷಕ್ಕೆ 220 ದಿನ ನಡೆಯಿತು ಎಂದುಕೊಳ್ಳೋಣ. ಶೇಕಡಾ 75 ಎಂದರೆ 165 ದಿನ. ಉಳಿದದ್ದು 55. ಕೇಳಿದಾಗ ಬಹಳ ಅನ್ನಿಸುತ್ತದೆ, ಎರಡು ತಿಂಗಳಿಗೆ ಹತ್ತಿರ! ಆದರೆ ಈ ಐವತ್ತೈದು ಕೃಷಿಗಾಗಿ ಮೀಸಲಿಟ್ಟದ್ದಲ್ಲ. ಮಳೆಗಾಲದ ಜ್ವರ, ಗಂಟಲುನೋವು, ಆಷಾಢದಲ್ಲಿ ಅಜ್ಜನ ಜೊತೆ ಪಂಢರಪುರದ ದಿಂಡಿ, ಕೊಕಟನೂರ ಯಲ್ಲಮ್ಮನ ಜಾತ್ರೆ, ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ, ಲಗ್ನಸರಾಯಿಯಲ್ಲಿ ಸೋದರಮಾವನ ಮನೆಯ ಮದುವೆ, ಬಸ್ಸು ತಪ್ಪಿದ ದಿನ, ಬಂದ್ ಕರೆ ಕೊಟ್ಟ ದಿನ, ಎಲ್ಲವೂ ಇದೇ ಚೀಲದಿಂದ ಖರ್ಚಾಗುತ್ತವೆ. ಹತ್ತನೆಯ ತರಗತಿಯ ಮಗುವಿನ ಕೃಷಿ ಕಲಿಕೆಗೆಂದು ವರ್ಷಕ್ಕೆ ಐದಾರು ದಿನಕ್ಕಿಂತ ಹೆಚ್ಚು ತೆಗೆದಿಡುವುದು ಜಾಣತನವಲ್ಲ ಎಂಬುದು ನನ್ನ ಲೆಕ್ಕ. ಎಂಟು-ಒಂಬತ್ತರಲ್ಲಿ ಕೊಂಚ ಧಾರಾಳವಾಗಿರಬಹುದು.

ಒಂದರಿಂದ ಎಂಟರವರೆಗೆ ಹಾಲ್ ಟಿಕೆಟ್ಟಿನ ಭಯವಿಲ್ಲ, ನಿಜ. ಆದರೆ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೂ ಒಂದು ಕನಿಷ್ಠ ನಿಗದಿ ಮಾಡಿದೆ. ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಲೇಬೇಕು. ತಿಳಿಸದೆ ದಿನಗಟ್ಟಲೆ ಬಾರದ ಮಗುವನ್ನು ಶಾಲೆ ಹುಡುಕಿಕೊಂಡು ಮನೆಗೆ ಬರುವುದು ಕಾಯ್ದೆ ಹೊರಿಸಿದ ಕರ್ತವ್ಯದಿಂದ. ಸರ್ಕಾರಿ ಶಾಲೆಯ ಹಾಜರಿ ಈಗ ಬರೀ ಕೆಂಪು ಗೆರೆಯ ಪುಸ್ತಕದಲ್ಲಿ ಉಳಿದಿಲ್ಲ. ಎಸ್‌ಎಟಿಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. "ಮಾಸ್ತರ ನಮ್ಮವರ ಅದಾರ, ಆಮ್ಯಾಲ ತಿದ್ದಿ ಕೊಡ್ತಾರ" ಎನ್ನುವ ಕಾಲ ಮುಗಿಯುತ್ತ ಬಂದಿದೆ. ಮುಗಿಯಬೇಕಾದದ್ದೂ ಹೌದು.

ಬೇರೆ ಕಡೆ ಹೇಗೆ

ಅಮೆರಿಕದಲ್ಲಿ ಹಳ್ಳಿಯ ಮಕ್ಕಳಿಗೆ ‘4-ಎಚ್’ ಎಂಬ ಸಂಘಟನೆಯಿದೆ. 1902ರಲ್ಲಿ ಓಹಾಯೊ ರಾಜ್ಯದ ಒಬ್ಬ ಶಾಲಾ ಮೇಲ್ವಿಚಾರಕರು ಮಕ್ಕಳನ್ನು ಸೇರಿಸಿ ಮೆಕ್ಕೆಜೋಳ, ತರಕಾರಿ ಬೆಳೆಸುವ ಕೂಟ ಕಟ್ಟಿದ್ದರಿಂದ ಅದು ಬೆಳೆಯಿತು. 1928ರಲ್ಲಿ ಪ್ರೌಢಶಾಲೆಯ ಕೃಷಿ ವಿದ್ಯಾರ್ಥಿಗಳಿಗಾಗಿ ‘ಎಫ್‌ಎಫ್‌ಎ’ ಹುಟ್ಟಿತು. ಕರು ಸಾಕಿ ಪ್ರದರ್ಶನಕ್ಕೆ ಒಯ್ಯುವುದು, ಮಣ್ಣಿನ ಗುಣ ಹೇಳುವುದು, ಬೀಜ ಗುರುತಿಸುವುದು, ಇಂಥವಕ್ಕೆ ಅಲ್ಲಿ ಸ್ಪರ್ಧೆಗಳಿವೆ. ಸ್ಪರ್ಧೆ ಇದ್ದ ದಿನ ಶಾಲೆ ತಪ್ಪುತ್ತದೆ. ಹಾಗಾಗಿ ಗೈರಿನ ಪ್ರಶ್ನೆ ಅಲ್ಲಿಯೂ ಎದ್ದಿತು.

ಕೆಂಟಕಿ ರಾಜ್ಯ ಇದಕ್ಕೆ ಕಾನೂನನ್ನೇ ಮಾಡಿದೆ. 4-ಎಚ್ ಕೂಟದ ನಿಗದಿತ ಚಟುವಟಿಕೆಗೆ ಹೋದ ವಿದ್ಯಾರ್ಥಿಯನ್ನು ಶಾಲೆಯಲ್ಲಿ ಹಾಜರಿದ್ದಂತೆಯೇ ಎಣಿಸಬೇಕು. ಷರತ್ತು ಒಂದೇ: ಮಗು ಕೃಷಿ ವಿಸ್ತರಣಾ ಅಧಿಕಾರಿಯ ಅಥವಾ ನೇಮಕಗೊಂಡ ಕೂಟದ ಮುಖ್ಯಸ್ಥರ ಕಣ್ಗಾವಲಿನಲ್ಲಿರಬೇಕು. ಇದಲ್ಲದೆ ರಾಜ್ಯಮಟ್ಟದ ಕೃಷಿ ಜಾತ್ರೆ ನೋಡಲು ಒಂದು ದಿನದ ಗೈರನ್ನೂ ಅಲ್ಲಿನ ಶಾಲೆ ಮನ್ನಿಸಬೇಕು.

ಆ ಷರತ್ತನ್ನು ಗಮನಿಸಿ. ಮಗು ಎಲ್ಲಿತ್ತು ಎಂಬುದಕ್ಕಿಂತ ಯಾರ ಹೊಣೆಯಲ್ಲಿತ್ತು ಎಂಬುದನ್ನು ಕಾನೂನು ಕೇಳುತ್ತದೆ. ಅಪ್ಪನ ಜೊತೆ ತೋಟದಲ್ಲಿದ್ದ ದಿನಕ್ಕೆ ಅಲ್ಲಿಯೂ ಈ ರಿಯಾಯಿತಿ ಇಲ್ಲ.

ನಮ್ಮ ಹಾಜರಿ ಪುಸ್ತಕದಲ್ಲಿ ಇಂಥದೊಂದು ಕಾಲಂ ಇಲ್ಲ. ಹಾಗೆಂದು ಶಾಲೆಯನ್ನೂ ಹೊಲವನ್ನೂ ಬೆಸೆಯುವ ವಿಚಾರವೇನೂ ನಮಗೆ ಹೊಸದಲ್ಲ. ಬೆಳಗಾವಿ, ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಹಾವೇರಿ ಹತ್ತಿರದ ದೇವಿಹೊಸೂರಿನಲ್ಲಿ ರೈತರ ಮಕ್ಕಳಿಗಾಗಿ ಕೃಷಿ ಶಾಲೆ ನಡೆಯುತ್ತಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣದಲ್ಲಿ ಬೇಸಾಯವೂ ಪಾಠ ಕಲಿಸುವ ಒಂದು ಕೈಕಸುಬಾಗಿತ್ತು. ಆ ವ್ಯವಸ್ಥೆ ಉಳಿದಿದ್ದರೆ ಹೊಲಕ್ಕೆ ಹೋದ ಮಗುವನ್ನು ಗೈರು ಎನ್ನುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲವೇನೋ. ಅದು ಉಳಿಯಲಿಲ್ಲ. ಈಗ ಇರುವ ನಿಯಮದೊಳಗೇ ದಾರಿ ಹುಡುಕಬೇಕು.

ಕಳಿಸುವವರು ಯಾರು?

ದಾರಿ ಇದೆ, ಅದು ಕಷ್ಟದ್ದೂ ಅಲ್ಲ. ಮಗುವನ್ನು ನೀವು ಕರೆದೊಯ್ದರೆ ಅದು ರಜೆ. ಶಾಲೆಯೇ ಶಿಕ್ಷಕರೊಬ್ಬರ ಹೊಣೆಯಲ್ಲಿ ಕರೆದೊಯ್ದರೆ ಅದು ಶಾಲೆಯ ಚಟುವಟಿಕೆ. ಶೈಕ್ಷಣಿಕ ಪ್ರವಾಸ, ಕ್ಷೇತ್ರ ಭೇಟಿ, ವಿಜ್ಞಾನ ಪ್ರದರ್ಶನ, ತಾಲ್ಲೂಕು ಮಟ್ಟದ ಆಟೋಟಗಳಿಗೆ ಹೋದ ಮಕ್ಕಳನ್ನು ಗೈರು ಎಂದು ಯಾರೂ ಬರೆಯುವುದಿಲ್ಲ. ಕೃಷಿಯ ಭೇಟಿಯನ್ನೂ ಅದೇ ಸಾಲಿಗೆ ತಂದು ನಿಲ್ಲಿಸುವುದೇ ಉಪಾಯ.

ಇದಕ್ಕೆ ಜೂನ್-ಜುಲೈ ತಿಂಗಳಲ್ಲೇ ಮಾತು ಶುರುವಾಗಬೇಕು. ಶಾಲೆ ತನ್ನ ವರ್ಷದ ಕ್ರಿಯಾಯೋಜನೆ ಬರೆಯುವುದು ಆಗ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪಾಲಕರೊಬ್ಬರು ಎದ್ದು ನಿಂತು, "ಈ ವರ್ಷ ಎಂಟು ಮತ್ತ ಒಂಬತ್ತನೆ ಇಯತ್ತೆ ಮಕ್ಕಳ್ನ ಒಂದ ದಿನ ಕೃಷಿ ವಿಜ್ಞಾನ ಕೇಂದ್ರಕ್ಕ ಕರಕೊಂಡ ಹೋಗೋಣ್ರಿ ಸರ್" ಎಂದರೆ ಸಾಕು, ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ನಡಾವಳಿಯಲ್ಲಿ ಇದ್ದದ್ದಕ್ಕೆ ಮುಂದೆ ಅನುಮತಿ ಕೇಳುವುದು ಸುಲಭ. ಮೇಳ ನಾಲ್ಕು ದಿನ ಇರುವಾಗ ಓಡಿಬಂದು ಕೇಳಿದರೆ ಯಾವ ಮುಖ್ಯಗುರುಗಳೂ ಧೈರ್ಯ ಮಾಡಲಾರರು, ಮಾಡಬಾರದು ಕೂಡ.

ಊರಿನಿಂದ ದೂರದ ಪ್ರವಾಸಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಅನುಮತಿ ಪಡೆಯಬೇಕು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಲ್ಲವೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದರಿಂದ ಬಿಇಒ ಕಚೇರಿಯ ಮೇಲಿನ ಹಂತ ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿ. ಯಾವ ಪತ್ರಕ್ಕೂ ಬೆಳಗಾವಿಗೆ ಎಡತಾಕಬೇಕಿಲ್ಲ. ಅರ್ಜಿಯ ಜೊತೆ ಮಕ್ಕಳ ಪಟ್ಟಿ, ಜೊತೆಗೆ ಹೋಗುವ ಶಿಕ್ಷಕರ ಹೆಸರು, ಪಾಲಕರ ಒಪ್ಪಿಗೆ ಪತ್ರ, ವಾಹನದ ವಿವರ, ಹೋಗುವ ಸಂಸ್ಥೆಯಿಂದ ಬಂದ ಪತ್ರ ಇಟ್ಟರೆ ಕಡತ ತಿರುಗಿ ಬರುವುದಿಲ್ಲ. ಹೆಣ್ಣುಮಕ್ಕಳಿದ್ದರೆ ಶಿಕ್ಷಕಿಯೊಬ್ಬರು ಇರಲೇಬೇಕು. ಗೂಡ್ಸ್ ಗಾಡಿ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವುದು ನಮ್ಮ ಕಡೆ ಜಾತ್ರೆಯ ರೂಢಿ. ಶಾಲೆಯ ಹೆಸರಿನಲ್ಲಿ ಅದನ್ನು ಮಾಡಲೇಬೇಡಿ. ವಾಯವ್ಯ ಸಾರಿಗೆಯ ಬಸ್ಸನ್ನು ಒಪ್ಪಂದದ ಮೇಲೆ ತೆಗೆದುಕೊಳ್ಳಿ.

ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆ ಕೆಲವೇ ಮಕ್ಕಳನ್ನು ಕರೆದಿದೆ, ಶಾಲೆಯಿಂದ ಬಸ್ಸು ಮಾಡುವಷ್ಟು ಜನರಿಲ್ಲ ಎಂಬ ಸಂದರ್ಭವೂ ಬರುತ್ತದೆ. ಆಗ ಆಹ್ವಾನ ಪತ್ರ ಮಗುವಿನ ಮನೆಯ ಬದಲು ಶಾಲೆಯ ಮುಖ್ಯಗುರುಗಳ ಹೆಸರಿಗೆ ಬರುವಂತೆ ಕೇಳಿಕೊಳ್ಳಿ. ಈ ಸಣ್ಣ ಬದಲಾವಣೆಯಿಂದ ಕಾಗದಪತ್ರದ ಅರ್ಧ ತಲೆನೋವು ಹೋಗುತ್ತದೆ. ಮುಖ್ಯಗುರುಗಳು ಅದರ ಮೇಲೆ ‘ಶಾಲೆಯ ಪರವಾಗಿ ಕಳಿಸಲಾಗಿದೆ’ ಎಂದು ಬರೆದು ಸಹಿ ಹಾಕಿದರೆ ಮಗು ಶಾಲೆಯ ಪ್ರತಿನಿಧಿಯಾಗಿ ಹೋದಂತೆ.

ಪಾಲಕರು ಬರೆಯುವ ಪತ್ರ ಉದ್ದ ಬೇಡ. ಹೀಗಿದ್ದರೆ ನಡೆಯುತ್ತದೆ:

"ಮಾನ್ಯ ಮುಖ್ಯಗುರುಗಳಿಗೆ, ನನ್ನ ಮಗಳು (ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ) ದಿನಾಂಕ ____ ರಂದು ____ ಸಂಸ್ಥೆಯವರು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ ____ ಕಾರ್ಯಕ್ರಮದಲ್ಲಿ ಭಾಗವಹಿಸಲು ಆಯ್ಕೆಯಾಗಿದ್ದಾಳೆ. ಸಂಸ್ಥೆಯ ಪತ್ರ ಲಗತ್ತಿಸಿದ್ದೇನೆ. ಆಕೆಯನ್ನು ಶಾಲೆಯ ಪರವಾಗಿ ಕಳಿಸಿಕೊಟ್ಟು, ಆ ದಿನವನ್ನು ಶಾಲಾ ಚಟುವಟಿಕೆಯಾಗಿ ಪರಿಗಣಿಸಬೇಕೆಂದು ವಿನಂತಿ. ಮರಳಿದ ಮೂರು ದಿನಗಳಲ್ಲಿ ಭಾಗವಹಿಸಿದ ಪ್ರಮಾಣಪತ್ರ ಮತ್ತು ಎರಡು ಪುಟದ ವರದಿ ಸಲ್ಲಿಸುತ್ತಾಳೆ. ತಪ್ಪಿದ ಪಾಠಗಳನ್ನು ಬರೆದುಕೊಳ್ಳುವ ಹೊಣೆ ನಮ್ಮದು. ತಮ್ಮ ವಿಶ್ವಾಸಿ, (ಸಹಿ)."

ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಸ್ವೀಕೃತಿ ಸಹಿ ಹಾಕಿಸಿಕೊಂಡು ಮನೆಯಲ್ಲಿಡಿ. ಮುಖ್ಯಗುರುಗಳು ವರ್ಗವಾಗಿ ಹೋಗಬಹುದು, ಹೊಸಬರಿಗೆ ನಿಮ್ಮ ಮಾತು ಗೊತ್ತಿರುವುದಿಲ್ಲ. ಮುಖ್ಯಗುರುಗಳು ಒಪ್ಪದಿದ್ದರೆ? ಒಪ್ಪದಿರಲು ಅವರಿಗೆ ಅಧಿಕಾರವಿದೆ, ಕಾರಣಗಳೂ ಇರುತ್ತವೆ. ಪರೀಕ್ಷೆಯ ವಾರವಿರಬಹುದು, ಮಗುವಿನ ಹಾಜರಿ ಈಗಾಗಲೇ ಇಳಿದಿರಬಹುದು. ಆಗ ಅದನ್ನು ರಜೆಯೆಂದೇ ಒಪ್ಪಿಕೊಂಡು ಕಳಿಸಬೇಕೋ ಬಿಡಬೇಕೋ ಎಂದು ಮನೆಯಲ್ಲಿ ತೀರ್ಮಾನಿಸಿ. ವೈದ್ಯರ ಸುಳ್ಳು ಚೀಟಿ ತಂದುಕೊಡುವ ಕೆಲಸ ಮಾತ್ರ ಬೇಡ. ಕೃಷಿ ಕಲಿಯಲು ಹೋದ ಮಗುವಿಗೆ ಮೊದಲು ಕಲಿಸುವುದು ಅದೇ ಆಗಿಬಿಡುತ್ತದೆ.

ವರದಿ ಎಂದರೆ ಅಂಕ

ಮೇಲಿನ ಪತ್ರದಲ್ಲಿ ಎರಡು ಪುಟದ ವರದಿಯ ಮಾತು ಬಂತಲ್ಲ, ಅದನ್ನು ಬರೀ ಉಪಚಾರಕ್ಕೆ ಬರೆಸಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ಪ್ರತಿ ವಿಷಯಕ್ಕೆ 20 ಆಂತರಿಕ ಅಂಕಗಳಿವೆ. ವರ್ಷದುದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆ, ಯೋಜನಾ ಕಾರ್ಯ ಬೇಕೇ ಬೇಕು. ಬಹಳ ಮಕ್ಕಳು ಅದಕ್ಕೆ ಪೇಟೆಯಲ್ಲಿ ಸಿಗುವ ಚಾರ್ಟು ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ದ್ರಾಕ್ಷಿ ತೋಟದ ಮನೆಯ ಹುಡುಗಿಗೆ ಚಾರ್ಟು ಯಾಕೆ ಬೇಕು?

ಮಣೂಕ ಮಾಡುವುದನ್ನೇ ತೆಗೆದುಕೊಳ್ಳಿ. ಕಟಾವು ಮಾಡಿದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರಡುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳುವಾದ ಪದರವಿದೆ, ನೀರನ್ನು ಹೊರಗೆ ಬಿಡದೆ ಹಿಡಿದಿಡುವುದು ಅದೇ. ದ್ರಾವಣ ಆ ಪದರವನ್ನು ಸಡಿಲಿಸುವುದರಿಂದ ಹಣ್ಣು ಸುಮಾರು ಎರಡು ವಾರದಲ್ಲಿ ನೆರಳಿನಲ್ಲೇ ಒಣಗುತ್ತದೆ. ಬಿಸಿಲಿಗೆ ಹಾಕಿದರೆ ಬಣ್ಣ ಕೆಡುತ್ತದೆ. ಹೆಚ್ಚುಕಡಿಮೆ ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ. ಇದರಲ್ಲಿ ಹತ್ತನೆಯ ತರಗತಿಯ ರಸಾಯನವಿಜ್ಞಾನವಿದೆ, ಅನುಪಾತದ ಗಣಿತವಿದೆ, ವಿಜಯಪುರ, ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗಳ ದರ ಹೋಲಿಸಿದರೆ ಸಮಾಜ ವಿಜ್ಞಾನವೂ ಇದೆ. ದಿನಕ್ಕೊಮ್ಮೆ ಒಂದೇ ಗೊನೆಯನ್ನು ತೂಗಿ ಬರೆದಿಟ್ಟರೆ ನಕ್ಷೆ ಎಳೆಯಲು ಸ್ವಂತದ ಅಂಕಿಗಳೇ ಸಿಗುತ್ತವೆ, ಅದೂ ಸಂಜೆಯ ಹತ್ತು ನಿಮಿಷದ ಕೆಲಸ. ಒಂದು ದಿನದ ಶಾಲೆಯನ್ನೂ ತಪ್ಪಿಸಬೇಕಿಲ್ಲ.

ಇಂಥ ಕೆಲಸವನ್ನು ಇನ್ನೂ ಬೆಳೆಸಿದರೆ 10ರಿಂದ 17 ವಯಸ್ಸಿನ ಮಕ್ಕಳಿಗಾಗಿ ನಡೆಯುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಕಳಿಸಬಹುದು. ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯ ಮೂಲಕ ಹೊಸ ಸಲಕರಣೆಯ ವಿಚಾರ ಕಳಿಸಬಹುದು, ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಇವೆರಡಕ್ಕೂ ಮಗುವನ್ನು ಶಾಲೆಯೇ ಕಳಿಸುವುದರಿಂದ ಹಾಜರಿಯ ಗೊಂದಲವೇ ಇಲ್ಲ.

ಪಿಯುಸಿ ವಿಜ್ಞಾನ ಓದಿ ಕೃಷಿ ಪದವಿಗೆ ಹೋಗಬೇಕೆನ್ನುವ ಮಕ್ಕಳ ಮನೆಯವರಿಗೆ ಇನ್ನೊಂದು ವಿಷಯ. ಕೃಷಿಕರ ಮಕ್ಕಳ ಕೋಟಾದಲ್ಲಿ ಸೀಟು ಬೇಕಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಒಂದು ಪ್ರಾಯೋಗಿಕ ಪರೀಕ್ಷೆ ಇಡುತ್ತದೆ. ಬೀಜ, ಗೊಬ್ಬರ, ಸಲಕರಣೆ, ಕೀಟಗಳನ್ನು ಮುಂದಿಟ್ಟು ಗುರುತಿಸು ಎನ್ನುತ್ತಾರೆ. ಉತಾರದಲ್ಲಿ ಜಮೀನಿದ್ದರೂ ಹೊಲದ ಮುಖ ನೋಡದ ಮಕ್ಕಳು ಅಲ್ಲಿ ತಡವರಿಸುತ್ತಾರೆ. ಮೇಳಗಳಲ್ಲಿ ಕಣ್ಣು ತೆರೆದು ತಿರುಗಾಡಿದ್ದು ಕೆಲಸಕ್ಕೆ ಬರುವುದು ಆಗ.

ಎಲ್ಲಿಗೆ ಹೋಗಬಹುದು

ದೂರಕ್ಕೇ ಹೋಗಬೇಕೆಂದಿಲ್ಲ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಬೀಜೋಪಚಾರ ಹೇಗೆ, ಮಣ್ಣಿನ ಮಾದರಿ ತೆಗೆಯುವುದು ಹೇಗೆ ಎಂದು ತೋರಿಸಿಕೊಡಲು ಅಲ್ಲಿನ ಅಧಿಕಾರಿಗಳನ್ನೇ ಶಾಲೆಗೆ ಕರೆಸಿಕೊಂಡರೆ ಯಾರ ಅನುಮತಿಯೂ ಬೇಡ, ಬಸ್ಸೂ ಬೇಡ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಬಿಡಾರ ಹೂಡುತ್ತಾರೆ. ಅವರ ತಂಡ ನಿಮ್ಮ ಸುತ್ತಮುತ್ತ ಬಂದಿದ್ದರೆ ಬಿಡಬೇಡಿ, ಶಾಲೆಯಲ್ಲಿ ಕಾರ್ಯಕ್ರಮ ಮಾಡುವುದನ್ನು ಅವರೂ ಹುಡುಕುತ್ತಿರುತ್ತಾರೆ.

ಬೆಳಗಾವಿ ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳು ಎರಡು. ಒಂದು ಬೈಲಹೊಂಗಲ ಕಡೆಯ ಮತ್ತಿಕೊಪ್ಪದಲ್ಲಿ, ಇನ್ನೊಂದು ಗೋಕಾಕ ಕಡೆಯ ತುಕ್ಕಾನಟ್ಟಿಯಲ್ಲಿ. ಅಥಣಿ, ರಾಯಬಾಗದವರಿಗೆ ತುಕ್ಕಾನಟ್ಟಿ ಹತ್ತಿರ, ಅಲ್ಲಿಯವರೆಗೆ ಹೋದರೆ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವನ್ನೂ ಒಂದೇ ದಿನದಲ್ಲಿ ನೋಡಬಹುದು. ತೆಲಸಂಗದವರಿಗೆ ವಿಜಯಪುರದ ಹಿಟ್ನಳ್ಳಿ ಅನುಕೂಲ, ಕೃಷಿ ಮಹಾವಿದ್ಯಾಲಯವೂ ಕೃಷಿ ವಿಜ್ಞಾನ ಕೇಂದ್ರವೂ ಅಲ್ಲಿ ಒಂದೇ ಕಡೆ ಇವೆ. ಒಣ ಬೇಸಾಯದ ಜೋಳ, ಕಡಲೆಯ ತಾಕುಗಳನ್ನು ನೋಡಲು ನಮ್ಮ ಎರೆನೆಲದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ನಿಪ್ಪಾಣಿ, ಚಿಕ್ಕೋಡಿಯವರಿಗೆ ಗಡಿಯಾಚೆಯ ಕೊಲ್ಹಾಪುರದ ಕನೇರಿ ಮಠವಿದೆ, ಅಲ್ಲಿಯೂ ಕೃಷಿ ವಿಜ್ಞಾನ ಕೇಂದ್ರವಿದೆ. ಹೊರರಾಜ್ಯಕ್ಕೆ ಹೋಗುವಾಗ ಇಲಾಖೆಯ ಅನುಮತಿಯನ್ನು ಇನ್ನಷ್ಟು ಮೊದಲೇ ಕೇಳಬೇಕು.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ನಾಲ್ಕು ದಿನ. ಎಲ್ಲರೂ ಹೋಗುವುದು ಅಲ್ಲಿಗೇ. ಆದರೆ ಶಾಲೆಯ ಮಕ್ಕಳನ್ನು ಆ ಜನಜಂಗುಳಿಗೆ ಕರೆದೊಯ್ಯುವುದರ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಹೋದ ಮಕ್ಕಳು ನೋಡುವುದು ಬಹಳ ಸಲ ಟ್ರ್ಯಾಕ್ಟರ್ ಕಂಪನಿಗಳ ಮಳಿಗೆಯನ್ನು ಮತ್ತು ಮಿರ್ಚಿ ಅಂಗಡಿಯನ್ನು. ಸಾಧಾರಣ ದಿನದಲ್ಲಿ ಮೂವತ್ತು ಮಕ್ಕಳು ಹೋಗಿ ಒಬ್ಬ ವಿಜ್ಞಾನಿಯ ಹಿಂದೆ ಎರಡು ತಾಸು ತಾಕಿನಲ್ಲಿ ನಡೆದರೆ ತಲೆಯಲ್ಲಿ ಉಳಿಯುವುದು ಹೆಚ್ಚು. ಮೇಳವೇ ಬೇಕೆಂದರೆ ಭಾನುವಾರ ಇರುವುದನ್ನು ನೋಡಿಕೊಂಡು ಮನೆಯವರೇ ಕರೆದೊಯ್ಯಬಹುದು.

ದುಡಿಮೆಯ ಮಾತು ಬೇರೆ

ತೋಟದ ಕೆಲಸವೂ ಕಲಿಕೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಶಾಲೆ ಮುಗಿದ ಮೇಲೆ, ರಜೆಯಲ್ಲಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುವುದೂ ಇಷ್ಟೇ. 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. ಸ್ವಂತ ಕುಟುಂಬದ ಅಪಾಯವಿಲ್ಲದ ಕೆಲಸದಲ್ಲಿ ಮಗು ಕೈಜೋಡಿಸಬಹುದು, ಅದೂ ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮಾತ್ರ. ಕುಟುಂಬ ಎಂದರೆ ತಂದೆತಾಯಿ, ಒಡಹುಟ್ಟಿದವರು, ಕಾಕಾ, ಸೋದರಮಾವ, ಅತ್ತೆ, ಚಿಕ್ಕಮ್ಮನವರೆಗೆ. ಬಾಜೂ ಹೊಲದ ಗೌಡರ ಮಣೂಕದ ಶೆಡ್ಡು ಅದರಲ್ಲಿ ಬರುವುದಿಲ್ಲ. 14ರಿಂದ 18ರವರನ್ನೂ ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಮಗುವನ್ನು ದುಡಿಸಿದವರಿಗೆ 6 ತಿಂಗಳಿಂದ 2 ವರ್ಷದವರೆಗೆ ಸೆರೆ ಅಥವಾ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ ಇವೆ. ಇಂಥದ್ದು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098.

ಕಾಯ್ದೆಯ ಪಟ್ಟಿ ಬಿಚ್ಚುವ ಮೊದಲೇ ದ್ರಾಕ್ಷಿ ಬೆಳೆಗಾರರಿಗೆ ಗೊತ್ತಿರುವ ಸಂಗತಿಗಳಿವೆ. ಕಡ್ಡಿ ಸವರುವ ಅಕ್ಟೋಬರ್ ಚಾಟ್ನಿಯ ನಂತರ ಬಳ್ಳಿಯ ಕಣ್ಣುಗಳಿಗೆ ಹಚ್ಚುವ ಪೇಸ್ಟಿನಲ್ಲಿರುವುದು ಹೈಡ್ರೋಜನ್ ಸೈನಮೈಡ್. ಚರ್ಮಕ್ಕೆ ತಗುಲಿದರೆ ಸುಡುತ್ತದೆ, ದೊಡ್ಡವರೂ ಕೈಗವಸಿಲ್ಲದೆ ಮುಟ್ಟಬಾರದು. ದಸರಾ ರಜೆಯೆಂದು ಮಕ್ಕಳ ಕೈಗೆ ಬ್ರಷ್ ಕೊಡುವುದು ಇದೇ ಹೊತ್ತಿನಲ್ಲಿ. ಮುಂದೆ ಗೊನೆಗಳನ್ನು ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದುವ ಕೆಲಸಕ್ಕೂ ‘ಸಣ್ಣ ಕೈ ಚಲೋ’ ಎನ್ನುತ್ತಾರೆ. ಔಷಧ ಹೊಡೆದ ತೋಟ, ರಾಶಿ ಯಂತ್ರ, ಮೇವು ಕತ್ತರಿಸುವ ಯಂತ್ರ, ಮಣೂಕಕ್ಕೆ ಗಂಧಕದ ಹೊಗೆ ಕೊಡುವ ಕೋಣೆ, ಇವುಗಳ ಹತ್ತಿರ ಮಕ್ಕಳಿಗೆ ನೋಡುವ ಕೆಲಸವೂ ಬೇಡ.

ಹೆಣ್ಣುಮಕ್ಕಳ ಗೈರು ಇನ್ನೊಂದು ಬಗೆಯದು. ಅಮ್ಮ ಕಟಾವಿಗೆ ಹೋದ ದಿನ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು, ಆಳುಗಳಿಗೆ ರೊಟ್ಟಿ ಬಡಿಯಲು ನಿಲ್ಲುವವಳು ಅವಳು. ಅವಳ ಗೈರಿಗೆ ಮೇಳವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುವವರ ಪಟ್ಟಿ ಮಾಡುವಾಗ ಶಿಕ್ಷಕರು ಇದನ್ನು ನೆನಪಿಡಬೇಕು. "ಹುಡುಗೂರ್ನ ಕರಕೊಂಡ ಹೋಗ್ರಿ, ಅವರ ಮುಂದ ಹೊಲಾ ನೋಡವರು" ಎನ್ನುವ ಪಾಲಕರಿಗೆ, ತೋಟದಲ್ಲಿ ಗೊನೆ ವಿರಳಗೊಳಿಸುವವರು, ಮಣೂಕ ಆರಿಸುವವರು ಯಾರು ಎಂದು ತಿರುಗಿ ಕೇಳಿದರೆ ಸಾಕು.

ಕಬ್ಬಿನ ಗ್ಯಾಂಗಿನ ಜೊತೆ ಗುಳೆ ಹೋಗುವ ಮಕ್ಕಳದು ಗೈರಿನ ಪ್ರಶ್ನೆಯೇ ಅಲ್ಲ, ಶಾಲೆಯೇ ಕೈತಪ್ಪುವ ಪ್ರಶ್ನೆ. ಕಾರ್ಖಾನೆ ಶುರುವಾಗುವ ನವೆಂಬರಿನ ಹೊತ್ತಿಗೆ ಮುಂಗಡ ತೆಗೆದುಕೊಂಡ ಕುಟುಂಬ ಹೊರಟರೆ ಮರಳುವುದು ಮಾರ್ಚಿಗೆ. ಹೊರಡುವ ಮೊದಲೇ ಶಾಲೆಗೆ ತಿಳಿಸಿದರೆ ಎರಡು ದಾರಿಗಳಿವೆ. ಮಗುವನ್ನು ಊರಲ್ಲೇ ಉಳಿಸಿಕೊಳ್ಳಲು ಸಮಗ್ರ ಶಿಕ್ಷಣದಡಿಯ ಋತುಮಾನದ ವಸತಿ ವ್ಯವಸ್ಥೆ ಕೇಳಬಹುದು. ಅದಾಗದಿದ್ದರೆ ಹೋದ ಊರಿನ ಶಾಲೆಗೆ ಸೇರಿಸಬಹುದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ದಾಖಲೆ ಇಲ್ಲವೆಂದೋ ವರ್ಷದ ನಡುವೆ ಬಂದರೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ತಿಳಿಸದೆ ಹೊರಟರೆ ಎರಡೂ ತಪ್ಪುತ್ತವೆ.

ವೇಳಾಪಟ್ಟಿ ಯಾರ ಕೈಯಲ್ಲಿ?

ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಕಲಂ ಶೈಕ್ಷಣಿಕ ವೇಳಾಪಟ್ಟಿ ನಿರ್ಧರಿಸುವುದನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳ ಪಟ್ಟಿಯಲ್ಲಿ ಇಟ್ಟಿದೆ. ಕಾಗದದ ಮೇಲಿನ ಮಾತು ಅದು. ನಡೆಯುವುದು ಬೆಂಗಳೂರಿನ ಸುತ್ತೋಲೆ. ಭತ್ತದ ಮಲೆನಾಡಿಗೂ ದ್ರಾಕ್ಷಿಯ ತೆಲಸಂಗಕ್ಕೂ ಒಂದೇ ದಿನ ಶಾಲೆ ಬಾಗಿಲು ತೆರೆಯುತ್ತದೆ, ಒಂದೇ ದಿನ ಮುಚ್ಚುತ್ತದೆ. ಎಸ್‌ಡಿಎಂಸಿಗಳು ಇದರ ಬಗ್ಗೆ ಬಿಇಒಗೆ ಬರೆಯುತ್ತಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಈ ವರ್ಷದ ಮಟ್ಟಿಗೆ ಮಾಡಬಹುದಾದದ್ದು ಚಿಕ್ಕದು. ಮುಖ್ಯಗುರುಗಳ ವಿವೇಚನೆಗೆ ಬಿಟ್ಟ ಕೆಲವೇ ಸ್ಥಳೀಯ ರಜೆಗಳನ್ನು ಜಾತ್ರೆಗೋ ಕಟಾವಿಗೋ ಎಂದು ವರ್ಷದ ಆರಂಭದಲ್ಲೇ ಪಾಲಕರೊಂದಿಗೆ ಕೂತು ಹಂಚಿಕೊಳ್ಳಬಹುದು. ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ಗಳಲ್ಲಿ ಒಂದನ್ನು ಊರಿನ ತೋಟವೊಂದಕ್ಕೆ ಕೊಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎಂದಿತು. ಕರ್ನಾಟಕ ಆ ನೀತಿ ಬೇಡವೆಂದು 2023ರಲ್ಲಿ ಸುಖದೇವ ಥೋರಟ್ ಅವರ ನೇತೃತ್ವದಲ್ಲಿ ತನ್ನದೇ ಆಯೋಗ ರಚಿಸಿತು. ನೀತಿ ಯಾರದ್ದಾದರೂ ಇರಲಿ, ತೋಟಗಾರನ ಬಳಿ ಹತ್ತು ದಿನ ಎಂಬ ಈ ಒಂದು ಮಾತನ್ನು ಬಿಡಬಾರದಿತ್ತು.

ಡಿಸೆಂಬರ್ ಮುಗಿಯುವಾಗ ಒಂದು ಕೆಲಸ ಮಾಡಿ. ಶಾಲೆಗೆ ಹೋಗಿ ಮಗುವಿನ ಹಾಜರಿ ಶೇಕಡಾ ಎಷ್ಟಾಗಿದೆ ಎಂದು ಕೇಳಿ, ತಿಂಗಳುವಾರು ಬರೆಸಿಕೊಳ್ಳಿ. ಶಾಲೆಯ ಪರವಾಗಿ ಹೋದ ದಿನಗಳು ಹಾಜರಿಯಾಗಿ ದಾಖಲಾಗಿವೆಯೇ ನೋಡಿ. ತಪ್ಪಿದ್ದರೆ ಸ್ವೀಕೃತಿ ಪ್ರತಿ ತೋರಿಸಿ ಆಗಲೇ ಸರಿಪಡಿಸಿಕೊಳ್ಳಿ, ಹಾಲ್ ಟಿಕೆಟ್ ಬರುವ ಹೊತ್ತಿಗೆ ಯಾರಿಗೂ ಪುರುಸೊತ್ತಿರುವುದಿಲ್ಲ. ಎಂಬತ್ತಕ್ಕಿಂತ ಕೆಳಗಿದ್ದರೆ ಆ ವರ್ಷಕ್ಕೆ ಭೇಟಿ, ಮೇಳ ಎಲ್ಲ ನಿಲ್ಲಿಸಿ. ಚಾಟ್ನಿ ಕಲಿಯಬೇಕೆಂದು ಮಗುವಿಗೆ ನಿಜವಾಗಿಯೂ ಆಸೆಯಿದ್ದರೆ, ಹಳೆಯ ಕಡ್ಡಿ ತೆಗೆದು ಹೊಸ ಕಡ್ಡಿಗೆ ದಾರಿ ಮಾಡುವ ಏಪ್ರಿಲ್ ಚಾಟ್ನಿ ನಡೆಯುವ ಹೊತ್ತಿಗೆ ಬೇಸಿಗೆ ರಜೆ ಬಂದಿರುತ್ತದೆ, ಅದಕ್ಕೆ ಯಾರ ಚೀಟಿಯೂ ಬೇಕಿಲ್ಲ.